ಕಿವಿಯಿಂದ ಓದಿದವರು: ಲೋಕಲ್ ಟ್ರೈನು, ವೆಲ್ಸ್ ಕಾದಂಬರಿ ಮತ್ತು ಒಂದು ಹಳೇ ಸಾಲ



ಬೆಳಿಗ್ಗೆ ಎಂಟರ ಮೇಲೆ ಡೊಂಬಿವಲಿಯಲ್ಲಿ ಫಾಸ್ಟ್ ಲೋಕಲ್ ಹತ್ತಿ ಅಭ್ಯಾಸ ಇರುವವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಪುಸ್ತಕ ತೆರೆಯೋದು ದೂರದ ಮಾತು, ಮೂಗು ತುರಿಸಿದರೆ ಕೈ ಎತ್ತೋಕೂ ಜಾಗ ಇರಲ್ಲ. ಬ್ಯಾಗು ಎದೆ ಮೇಲೆ, ಕಣ್ಣೆದುರಿಗೆ ಯಾರದೋ ಬೆನ್ನು. ಖಾಲಿ ಇರೋದು ಕಿವಿ ಮಾತ್ರ. ಆ ಖಾಲಿ ಕಿವಿಗೆ ನಾನು ಕಳೆದ ಮೂರು ವರ್ಷದಿಂದ ಹಳೇ ಸೈನ್ಸ್ ಫಿಕ್ಷನ್ ತುಂಬಿಸ್ತಾ ಇದ್ದೀನಿ. ದಾದರ್‌ಗೆ ಹೋಗಿ ಬರೋಕೆ ದಿನಕ್ಕೆ ಎರಡು ಗಂಟೆ ಇಪ್ಪತ್ತು ನಿಮಿಷ. ವೆಲ್ಸ್‌ನ ಮಂಗಳ ಗ್ರಹದವರು ಲಂಡನ್ನಿಗೆ ಬಂದು, ಊರು ಸುಟ್ಟು, ಕೊನೆಗೆ ನಮ್ಮ ಬ್ಯಾಕ್ಟೀರಿಯಾಗಳಿಂದ ಸಾಯೋಕೆ ಸರಿಯಾಗಿ ಮೂರು ದಿನ ಸಾಕು.

ಒಂದು ದಿನ ಆಫೀಸಿನಲ್ಲಿ ಊಟದ ಹೊತ್ತಿಗೆ "ವಾರ್ ಆಫ್ ದಿ ವರ್ಲ್ಡ್ಸ್ ಓದಿ ಮುಗಿಸಿದೆ" ಅಂದೆ. ಸಹೋದ್ಯೋಗಿಯೊಬ್ಬರು ನಕ್ಕು, "ಓದಿದ್ದಲ್ಲಪ್ಪ, ಕೇಳಿದ್ದು" ಅಂದ್ರು.

ತಮಾಷೆಗೆ ಅಂದಿದ್ದು. ಆದರೂ ಚುಚ್ಚಿತು. ನಮ್ಮ ಭಾಷೆಯಲ್ಲಿ ತುಂಬಾ ತಿಳಿದವರನ್ನ 'ಬಹುಶ್ರುತರು' ಅಂತೀವಿ. ಅಂದ್ರೆ ಬಹಳ ಕೇಳಿಸಿಕೊಂಡವರು. ಕುಮಾರವ್ಯಾಸ ಭಾರತ ನಮ್ಮ ಹಿಂದಿನ ತಲೆಮಾರುಗಳ ಎಷ್ಟೋ ಮನೆಗಳಿಗೆ ತಲುಪಿದ್ದು ಗಮಕಿಗಳ ಬಾಯಿಂದ. ಹಾಗಿರೋವಾಗ ಕೇಳೋದು ಯಾವಾಗಿನಿಂದ ಓದೋದಕ್ಕಿಂತ ಕಡಿಮೆ ಆಯ್ತು? ಇದನ್ನ ಕೆದಕ್ತಾ ಹೋದೆ. ಸಿಕ್ಕಿದ್ದು ಎರಡು ಆಶ್ಚರ್ಯ. ಪ್ರಯಾಣದಲ್ಲಿ ಕಿವಿಯಿಂದ ಓದುವ ಪುಸ್ತಕವನ್ನ ಮೊದಲು ಕನಸು ಕಂಡವರು ಸೈನ್ಸ್ ಫಿಕ್ಷನ್ ಬರೆದವರೇ. ಆದರೆ ಆ ಕನಸನ್ನ ನಿಜ ಮಾಡಿದವರು ಅವರಲ್ಲ.

ಚಂದ್ರನ ಮೇಲಿನ ಪುಸ್ತಕ

ಮೊದಲ ಕನಸು 1657ರದ್ದು. ಫ್ರೆಂಚ್ ಲೇಖಕ ಸಿರಾನೊ ದ ಬೆರ್ಜರಾಕ್ ಚಂದ್ರಲೋಕದ ಪ್ರಯಾಣದ ಬಗ್ಗೆ ಒಂದು ಪುಸ್ತಕ ಬರೆದಿಟ್ಟು ತೀರಿಕೊಂಡಿದ್ದ. ಅದು ಅಚ್ಚಾಗಿದ್ದು ಅವನು ಸತ್ತ ಎರಡು ವರ್ಷಕ್ಕೆ. ಅದರಲ್ಲಿ ಚಂದ್ರನ ಜನ ಕಥಾನಾಯಕನಿಗೆ ಒಂದು ಪೆಟ್ಟಿಗೆ ಕೊಡ್ತಾರೆ. ಒಳಗೆ ಗಡಿಯಾರದಂಥ ಯಂತ್ರ, ತುಂಬಾ ಸಣ್ಣ ಸಣ್ಣ ಸ್ಪ್ರಿಂಗು. ಹಾಳೆ ಇಲ್ಲ, ಅಕ್ಷರ ಇಲ್ಲ. ಕೀ ಕೊಟ್ಟು, ಬೇಕಾದ ಅಧ್ಯಾಯಕ್ಕೆ ಮುಳ್ಳು ತಿರುಗಿಸಿದರೆ ಪುಸ್ತಕ ತಾನೇ ಮಾತಾಡುತ್ತೆ. ಇಂಥ ಮೂವತ್ತು ಪುಸ್ತಕಗಳನ್ನ ಜೇಬಲ್ಲಿ ಹಾಕ್ಕೊಂಡೋ, ಕುದುರೆಯ ಜೀನಿಗೆ ನೇತು ಹಾಕ್ಕೊಂಡೋ ಓಡಾಡ್ತಾ ಕೇಳಬಹುದು. ಅಧ್ಯಾಯ ಹಾರಿಸೋ ಬಟನ್ನು, ಫೋನಿನಲ್ಲಿ ಲೈಬ್ರರಿ, ಪ್ರಯಾಣದಲ್ಲಿ ಕೇಳೋದು ಎಲ್ಲಾ ಅಲ್ಲೇ ಇದೆ ನೋಡಿ.

ಎರಡನೇ ಕನಸು ಒಬ್ಬ ಎಂಜಿನಿಯರನದ್ದು. ಥಾಮಸ್ ಎಡಿಸನ್ 1877ರ ಕೊನೆಯಲ್ಲಿ ಫೋನೋಗ್ರಾಫ್ ಮಾಡಿದ. ಮರುವರ್ಷ ಒಂದು ಪತ್ರಿಕೆಯಲ್ಲಿ ತನ್ನ ಯಂತ್ರದಿಂದ ಏನೇನು ಮಾಡಬಹುದು ಅಂತ ಹತ್ತು ಉಪಯೋಗಗಳ ಪಟ್ಟಿ ಕೊಟ್ಟ. ಮೊದಲನೆಯದು ಸ್ಟೆನೋಗ್ರಾಫರ್ ಇಲ್ಲದೆ ಪತ್ರ ಬರೆಸೋದು. ಎರಡನೆಯದು ಅಂಧರಿಗೆ ಮಾತಾಡುವ ಪುಸ್ತಕ. ಸಂಗೀತ ಬಂದಿದ್ದು ಅದರ ನಂತರ.

ಮೂರನೆಯದು ನನಗೆ ಎಲ್ಲಕ್ಕಿಂತ ಹತ್ತಿರದ್ದು. ಅಮೆರಿಕದ ಎಡ್ವರ್ಡ್ ಬೆಲ್ಲಮಿ 1888ರಲ್ಲಿ 'ಲುಕಿಂಗ್ ಬ್ಯಾಕ್‌ವರ್ಡ್' ಅನ್ನುವ ಕಾದಂಬರಿಯಿಂದ ಹೆಸರಾದ ಲೇಖಕ. ಮರುವರ್ಷ ಅವನು 'ವಿತ್ ದಿ ಐಸ್ ಶಟ್', ಅಂದ್ರೆ 'ಕಣ್ಣು ಮುಚ್ಚಿಕೊಂಡು' ಅನ್ನುವ ಸಣ್ಣ ಕಥೆ ಬರೆದ. ಕಥೆ ಶುರುವಾಗೋದೇ ರೈಲಿನಲ್ಲಿ! ನಾಯಕನಿಗೆ ಓಡುವ ರೈಲಿನಲ್ಲಿ ಓದಿದರೆ ಕಣ್ಣು ನೋವು. ಪುಸ್ತಕ ಮಾರುವ ಹುಡುಗ ಬಂದು ಕಾಗದದ ಪುಸ್ತಕದ ಬದಲು ಫೋನೋಗ್ರಾಫ್ ಪುಸ್ತಕ ಕೊಡ್ತಾನೆ. ಕಿವಿಗೆ ನಳಿಕೆ ಸಿಕ್ಕಿಸಿಕೊಂಡು ಕಣ್ಣು ಮುಚ್ಚಿದರೆ ಕಥೆ ಕೇಳುತ್ತೆ. ಇಡೀ ದೇಶವೇ ಹೀಗೆ ಬದಲಾಗಿದೆ ಅಂತ ಆಮೇಲೆ ಅವನಿಗೆ ಗೊತ್ತಾಗುತ್ತೆ. ಕೊನೆಗೆ ಎಚ್ಚರ ಆದಾಗ ನೋಡಿದರೆ ಎಲ್ಲಾ ರೈಲಿನಲ್ಲಿ ಕಂಡ ಕನಸು.

ಇದಾದ ಐದು ವರ್ಷಕ್ಕೆ, 1894ರಲ್ಲಿ, ಫ್ರಾನ್ಸಿನ ಒಕ್ತಾವ್ ಊಜಾನ್ 'ಪುಸ್ತಕಗಳ ಅಂತ್ಯ' ಅಂತ ಬರೆದ. ಆಲ್ಬರ್ಟ್ ರೊಬಿಡಾ ಅದಕ್ಕೆ ಚಿತ್ರ ಬಿಡಿಸಿದ. ಜನ ಜೇಬಿನ ಫೋನೋಗ್ರಾಫ್ ಇಟ್ಟುಕೊಂಡು ನಡೀತಾ ಕಥೆ ಕೇಳ್ತಾರೆ, ಲೇಖಕರ ಬರವಣಿಗೆಗಿಂತ ಅವರ ಕಂಠಕ್ಕೆ ಬೆಲೆ ಬರುತ್ತೆ ಅನ್ನೋದು ಅವನ ಭವಿಷ್ಯ.

ಇಷ್ಟೆಲ್ಲಾ ಕನಸಿಗೆ ಅಡ್ಡ ಬಂದಿದ್ದು ಲೆಕ್ಕ

ಸ್ವಲ್ಪ ಲೆಕ್ಕ ಹಾಕೋಣ. 'ವಾರ್ ಆಫ್ ದಿ ವರ್ಲ್ಡ್ಸ್'ನಲ್ಲಿ ಸುಮಾರು 60,000 ಪದ. ನಿಮಿಷಕ್ಕೆ 150 ಪದ ಓದಿದರೆ 400 ನಿಮಿಷ. ಎಡಿಸನ್‌ನ ಮೊದಲ ಯಂತ್ರದ ತವರದ ಹಾಳೆ ನಾಲ್ಕೈದು ಸಲ ಕೇಳೋದರೊಳಗೆ ಸವೆದು ಹೋಗ್ತಿತ್ತು. ಆಮೇಲಿನ ಮೇಣದ ಸಿಲಿಂಡರಿನಲ್ಲಿ ಎರಡರಿಂದ ನಾಲ್ಕು ನಿಮಿಷ. 78 ಸುತ್ತಿನ ಗ್ರಾಮಫೋನ್ ತಟ್ಟೆ ಬಂದರೂ ಒಂದು ಮುಖಕ್ಕೆ ಹೆಚ್ಚುಕಮ್ಮಿ ಅಷ್ಟೇ. ಅಂದ್ರೆ ಒಂದು ಕಾದಂಬರಿಗೆ ನೂರು ಸಲ ಎದ್ದು ತಟ್ಟೆ ತಿರುಗಿಸಬೇಕು. ಮೂರು ನಿಮಿಷದ ಹಾಡಿಗೆ ಈ ಯಂತ್ರ ಸರಿ ಹೋಯ್ತು, ಕಾದಂಬರಿಗೆ ಆಗಲಿಲ್ಲ. ಕಣ್ಣಿರುವವರಿಗೆ ಅದರಿಂದ ನಷ್ಟವೂ ಇರಲಿಲ್ಲ. ಅವರ ಹತ್ತಿರ ಅಚ್ಚಾದ ಪುಸ್ತಕ ಇತ್ತಲ್ಲ!

ಹಾಗಾದ್ರೆ ಯಾರಿಗೆ ಇದು ನಿಜವಾಗಿ ಬೇಕಿತ್ತು?

ರಾಬರ್ಟ್ ಇರ್ವಿನ್ ಚಿಕ್ಕ ವಯಸ್ಸಿನಲ್ಲೇ ದೃಷ್ಟಿ ಕಳೆದುಕೊಂಡವರು. ಅಮೆರಿಕನ್ ಫೌಂಡೇಶನ್ ಫಾರ್ ದಿ ಬ್ಲೈಂಡ್ ಸಂಸ್ಥೆಯನ್ನ ನಡೆಸ್ತಾ ಇದ್ದರು. ಬ್ರೈಲ್ ಇತ್ತಲ್ಲ ಅಂತ ನಾವು ಅಂದುಕೊಳ್ಳಬಹುದು. ಆದರೆ ದೊಡ್ಡವರಾದ ಮೇಲೆ ಕಣ್ಣು ಕಳೆದುಕೊಂಡವರಲ್ಲಿ ಬಹಳ ಜನಕ್ಕೆ ಬೆರಳಿನಿಂದ ಓದೋದು ಕೊನೇವರೆಗೂ ಕೈಗೆ ಹತ್ತೋದಿಲ್ಲ. 1931ರಲ್ಲಿ ಅಮೆರಿಕದ ಸಂಸತ್ತು ಪ್ರಾಟ್–ಸ್ಮೂಟ್ ಕಾಯ್ದೆ ಮಾಡಿ, ವಯಸ್ಕ ಅಂಧರ ಪುಸ್ತಕಗಳಿಗೆ ಲೈಬ್ರರಿ ಆಫ್ ಕಾಂಗ್ರೆಸ್ ಮೂಲಕ ವರ್ಷಕ್ಕೆ 1 ಲಕ್ಷ ಡಾಲರ್ ಕೊಡೋಕೆ ಒಪ್ಪಿತು. ಇರ್ವಿನ್ ಅವರ ಸಂಸ್ಥೆ ನಿಮಿಷಕ್ಕೆ 33⅓ ಸುತ್ತು ತಿರುಗುವ, ಒಂದು ಮುಖಕ್ಕೆ 15 ನಿಮಿಷ ಓಡುವ ತಟ್ಟೆ ತಯಾರಿಸಿತು. 1934ರಲ್ಲಿ 'ಟಾಕಿಂಗ್ ಬುಕ್' ಮನೆಮನೆಗೆ ಹೋಗೋಕೆ ಶುರುವಾಯ್ತು. ನಮ್ಮ ವೆಲ್ಸ್ ಕಾದಂಬರಿಗೆ ಈಗ ನೂರು ಮುಖದ ಬದಲು ಇಪ್ಪತ್ತೇಳು ಮುಖ, ಅಂದ್ರೆ ಹದಿನಾಲ್ಕು ತಟ್ಟೆ ಸಾಕು.

ಗಮನಿಸಿ, ಕೊಲಂಬಿಯಾ ಕಂಪನಿ ಸಾರ್ವಜನಿಕರಿಗೆ ಎಲ್‌ಪಿ ರೆಕಾರ್ಡ್ ಬಿಡುಗಡೆ ಮಾಡಿದ್ದು 1948ರಲ್ಲಿ. ನಮ್ಮ ಮನೆಗಳಲ್ಲಿ ಹಿರಿಯರು ಒರೆಸಿ ಒರೆಸಿ ಇಡ್ತಿದ್ದ ಆ ಎಲ್‌ಪಿ ವೇಗ, ಅದಕ್ಕಿಂತ ಹದಿನಾಲ್ಕು ವರ್ಷ ಮೊದಲೇ ಅಂಧರ ಮನೆಗಳಲ್ಲಿ ಪುಸ್ತಕ ಓದ್ತಾ ಇತ್ತು.

ಬ್ರಿಟನ್ನಿನಲ್ಲಿ ಇದನ್ನ ಮುಂದೆ ನಿಂತು ಮಾಡಿಸಿದವರು ಇಯಾನ್ ಫ್ರೇಸರ್. 1916ರ ಸೊಮ್ ಯುದ್ಧದಲ್ಲಿ ಅವರ ಕಣ್ಣು ಹೋಗಿತ್ತು. ಅಲ್ಲಿ 1935ರಲ್ಲಿ ಬಂದ ಮೊದಲ ಪುಸ್ತಕಗಳಲ್ಲಿ ಅಗಾಥಾ ಕ್ರಿಸ್ಟಿಯ 'ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್' ಇತ್ತು. ಅಂದ್ರೆ ಅಂಧರಿಗೆ ಬರೀ ಬೈಬಲ್ಲು, ನೀತಿಪಾಠ ಸಾಕು ಅಂತ ಯಾರೂ ತೀರ್ಮಾನ ಮಾಡಲಿಲ್ಲ. ಕೊಲೆಗಾರ ಯಾರು ಅಂತ ತಲೆ ಕೆಡಿಸಿಕೊಳ್ಳೋ ಸುಖವೂ ಅವರದ್ದಾಯ್ತು.

ಇದೆಲ್ಲ ಸಲೀಸಾಗಿ ಆಗಲಿಲ್ಲ. ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಹೆಲೆನ್ ಕೆಲರ್ ಅವರಿಗೇ ಮೊದಲು ಇದೊಂದು ಐಷಾರಾಮ ಅನ್ನಿಸಿತ್ತು. ಆಮೇಲೆ ಮನಸ್ಸು ಬದಲಾಯಿಸಿ ಇದಕ್ಕಾಗಿ ಓಡಾಡಿದರು. ಆ ಪುಸ್ತಕಗಳನ್ನ ಅವರು ಕೇಳೋ ಹಾಗೇ ಇರಲಿಲ್ಲ, ಯಾಕಂದ್ರೆ ಅವರಿಗೆ ಕಿವಿಯೂ ಕೇಳ್ತಿರಲಿಲ್ಲ. ಪ್ರಕಾಶಕರಿಗೂ ಹೆದರಿಕೆ ಇತ್ತು. ಈ ತಟ್ಟೆಗಳು ಅಂಧರಿಗೆ ಮಾತ್ರ, ಬೇರೆಯವರಿಗೆ ಮಾರುವಂತಿಲ್ಲ, ರೇಡಿಯೋದಲ್ಲಿ ಹಾಕುವಂತಿಲ್ಲ ಅನ್ನುವ ಷರತ್ತಿನ ಮೇಲೆ ಅನುಮತಿ ಕೊಟ್ಟರು.

ಈ ಕಥೆಯಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಒಂದು ಕಟ್ಟುನಿಟ್ಟು. ಪುಸ್ತಕದಲ್ಲಿ ಏನಿದೆಯೋ ಅದನ್ನ ಪೂರ್ತಿ ಓದಬೇಕು. ಒಂದು ಪದವನ್ನೂ ಬಿಡುವಂತಿಲ್ಲ, ಸೇರಿಸುವಂತಿಲ್ಲ. ಕೇಳುವವನು ಓದುಗನೇ, ಕಣ್ಣಿರುವವನಿಗೆ ಸಿಗೋದೆಲ್ಲ ಅವನಿಗೂ ಸಿಗಬೇಕು. ನನ್ನ ಸಹೋದ್ಯೋಗಿಯ ಪ್ರಶ್ನೆಗೆ ಇವರು 1934ರಲ್ಲೇ ಉತ್ತರ ಕೊಟ್ಟಿದ್ದರು.

ರೇಡಿಯೋ ಕೊಟ್ಟಿದ್ದು, ರೇಡಿಯೋ ಕೊಡದೇ ಇದ್ದದ್ದು

"ಕಣ್ಣಿದ್ದವರೂ ಆಗ ಸೈನ್ಸ್ ಫಿಕ್ಷನ್ ಕೇಳ್ತಿದ್ದರಲ್ಲ, ರೇಡಿಯೋದಲ್ಲಿ?" ಅಂತ ನೀವು ಕೇಳಬಹುದು. ನಿಜ. 1938ರ ಅಕ್ಟೋಬರ್ 30ರಂದು 23 ವರ್ಷದ ಆರ್ಸನ್ ವೆಲ್ಸ್ ಸಿಬಿಎಸ್ ರೇಡಿಯೋದಲ್ಲಿ 'ವಾರ್ ಆಫ್ ದಿ ವರ್ಲ್ಡ್ಸ್' ನಾಟಕ ಮಾಡಿದ. ಕಥೆಯನ್ನ ಇಂಗ್ಲೆಂಡಿನಿಂದ ನ್ಯೂಜೆರ್ಸಿಗೆ ತಂದು, ಮಧ್ಯೆ ಮಧ್ಯೆ ಸುದ್ದಿ ಪ್ರಸಾರದ ಥರ ಹೇಳಿಸಿದ. ಇಡೀ ಅಮೆರಿಕ ಬೀದಿಗೆ ಬಂತು ಅಂತ ಮರುದಿನದ ಪತ್ರಿಕೆಗಳು ಬರೆದವು. ಹೆದರಿದವರು ಇದ್ದದ್ದು ನಿಜ, ಆದರೆ ಅಷ್ಟು ದೊಡ್ಡ ಗಲಭೆ ಆಗಿರಲಿಲ್ಲ ಅನ್ನೋದು ಈಗಿನ ಇತಿಹಾಸಕಾರರ ಮಾತು. ಆ ಹೊತ್ತಿನಲ್ಲಿ ಹೆಚ್ಚಿನ ಜನ ಬೇರೆ ಸ್ಟೇಷನ್ನಿನ ಹಾಸ್ಯ ಕಾರ್ಯಕ್ರಮ ಕೇಳ್ತಾ ಇದ್ದರು. ಜಾಹೀರಾತು ಕಿತ್ತುಕೊಳ್ತಿದ್ದ ರೇಡಿಯೋ ಮೇಲೆ ಪತ್ರಿಕೆಗಳಿಗೂ ಸಿಟ್ಟಿತ್ತು.

ನಿಜವಾದ ದುರಂತ ಆಗಿದ್ದು ಈಕ್ವೆಡಾರ್‌ನ ಕೀಟೊ ನಗರದಲ್ಲಿ. 1949ರ ಫೆಬ್ರವರಿಯಲ್ಲಿ ಅಲ್ಲಿನ ರೇಡಿಯೋ ಇದೇ ಕಥೆಯನ್ನ ಇದೇ ಥರ ಪ್ರಸಾರ ಮಾಡಿತು. ಮೋಸ ಹೋದೆವು ಅಂತ ಗೊತ್ತಾದ ಜನ ಸ್ಟೇಷನ್ ಇದ್ದ ಕಟ್ಟಡಕ್ಕೇ ಬೆಂಕಿ ಇಟ್ಟರು. ಪ್ರಾಣ ಹೋಯಿತು. ಬರೀ ದನಿಗೆ ಎಂಥ ಶಕ್ತಿ ಇದೆ ಅಂತ ತೋರಿಸೋಕೆ ಇದಕ್ಕಿಂತ ಕಹಿಯಾದ ಉದಾಹರಣೆ ಬೇಡ.

1950ರ ದಶಕದಲ್ಲಿ 'ಡೈಮೆನ್ಷನ್ ಎಕ್ಸ್', 'ಎಕ್ಸ್ ಮೈನಸ್ ಒನ್' ಅನ್ನುವ ಅಮೆರಿಕನ್ ರೇಡಿಯೋ ಸರಣಿಗಳು ಬ್ರಾಡ್‌ಬರಿ, ಅಸಿಮೊವ್, ಹೈನ್‌ಲೈನ್ ಕಥೆಗಳನ್ನ ಅರ್ಧ ಗಂಟೆಯ ನಾಟಕ ಮಾಡಿದವು. ಅಸಿಮೊವ್‌ನ 'ನೈಟ್‌ಫಾಲ್' ಎರಡರಲ್ಲೂ ಬಂತು. ಇವತ್ತಿಗೂ ಕೇಳೋಕೆ ಚೆನ್ನಾಗಿವೆ. ಆದರೆ ಅದು ನಾಟಕ, ಪುಸ್ತಕ ಅಲ್ಲ. ಲೇಖಕ ಬರೆದ ವಾಕ್ಯಗಳು ಅಲ್ಲಿ ಉಳಿಯೋದಿಲ್ಲ. ರೆಕಾರ್ಡ್ ಕಂಪನಿಗಳದ್ದೂ ಅದೇ ಕಥೆ. 1976ರಲ್ಲಿ ಕ್ಯಾಡ್‌ಮನ್ ಕಂಪನಿಗೆ 'ಸ್ಟಾರ್ ಟ್ರೆಕ್'ನ ವಿಲಿಯಂ ಶಾಟ್ನರ್ ಅಸಿಮೊವ್‌ನ 'ಫೌಂಡೇಶನ್' ಓದಿದ, ಆದರೆ ಓದಿದ್ದು ಮೊದಲ ಭಾಗ ಮಾತ್ರ. ಒಂದು ಎಲ್‌ಪಿಯಲ್ಲಿ ಹಿಡಿಸೋದೇ ಅಷ್ಟು.

ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದ ಒಲಿಂಪಿಕ್ ವಿಜೇತ

ಕಣ್ಣಿರುವವರಿಗೆ ಪೂರ್ತಿ ಪುಸ್ತಕ ಕೇಳಿಸಿದವನು ಡುವಾಲ್ ಹೆಕ್ಟ್. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ದೋಣಿ ಸ್ಪರ್ಧೆಯಲ್ಲಿ ಚಿನ್ನ ಗೆದ್ದವನು. ನ್ಯೂಪೋರ್ಟ್ ಬೀಚ್‌ನಿಂದ ಲಾಸ್ ಏಂಜಲೀಸ್‌ಗೆ ದಿನಾ ಕಾರಿನಲ್ಲಿ ಆಫೀಸಿಗೆ ಹೋಗಿ ಬರ್ತಿದ್ದ. ರೇಡಿಯೋ ಕೇಳಿ ಕೇಳಿ ಬೇಜಾರಾಗಿ 1975ರಲ್ಲಿ 'ಬುಕ್ಸ್ ಆನ್ ಟೇಪ್' ಶುರು ಮಾಡಿದ. ಇಡೀ ಪುಸ್ತಕವನ್ನ ಕ್ಯಾಸೆಟ್ಟುಗಳಲ್ಲಿ ಓದಿಸಿ, ಪೋಸ್ಟಿನಲ್ಲಿ ಬಾಡಿಗೆಗೆ ಕಳಿಸೋದು. ಕೇಳಿ ಮುಗಿದ ಮೇಲೆ ವಾಪಸ್ ಕಳಿಸಬೇಕು. ದಿನಾ ಎರಡು ಗಂಟೆ ಕಾರಿನಲ್ಲಿ ಕೂರುವವನಿಗೆ ಹನ್ನೆರಡು ಗಂಟೆಯ ಪುಸ್ತಕ ಭಾರ ಅಲ್ಲ, ವರ ಅಂತ ಅವನಿಗೆ ಅನುಭವದಿಂದಲೇ ಗೊತ್ತಿತ್ತು.

ಅಂಗಡಿಗಳಲ್ಲಿ ಮಾರಾಟಕ್ಕೆ ಬಂದ ಕ್ಯಾಸೆಟ್ಟುಗಳ ದಾರಿ ಬೇರೆ ಆಯ್ತು. ಎರಡು ಕ್ಯಾಸೆಟ್ಟಿನಲ್ಲಿ, ಮೂರು ಗಂಟೆಯಲ್ಲಿ ಪುಸ್ತಕ ಮುಗಿಯಬೇಕು ಅಂತ ಕತ್ತರಿ ಹಾಕಿದರು. ಬಹಳ ಕಾಲ 'ಆಡಿಯೋಬುಕ್' ಅಂದ್ರೆ ಜನಕ್ಕೆ ಗೊತ್ತಿದ್ದದ್ದು ಈ ಕತ್ತರಿಸಿದ ಪುಸ್ತಕ. ಕೇಳೋದು ಓದೋದಕ್ಕಿಂತ ಕಡಿಮೆ ಅನ್ನುವ ಭಾವನೆಗೆ ಇದೂ ಒಂದು ಕಾರಣ ಅಂತ ನನ್ನ ಅನಿಸಿಕೆ. ಕೊರತೆ ಇದ್ದದ್ದು ಕಿವಿಯಲ್ಲಲ್ಲ, ಕತ್ತರಿಯಲ್ಲಿ.

ಇದರ ಪೆಟ್ಟು ನನಗೂ ಬಿದ್ದಿದೆ. ಕೇಳೋ ಅಭ್ಯಾಸದ ಹೊಸದರಲ್ಲಿ ಒಂದು ಆ್ಯಪ್‌ನಲ್ಲಿ ವೆಲ್ಸ್‌ನ 'ದಿ ಟೈಮ್ ಮಷೀನ್' ಕೇಳಿದ್ದೆ. ಆಮೇಲೆ ಗೆಳೆಯನೊಬ್ಬ ಆ ಕಾದಂಬರಿಯ ಕೊನೆಯ ಸಮುದ್ರ ತೀರದ ಬಗ್ಗೆ ಮಾತಾಡಿದ. ಭೂಮಿ ಮುದಿಯಾಗಿದೆ, ಸೂರ್ಯ ಕೆಂಪಗೆ ದೊಡ್ಡದಾಗಿ ಆಕಾಶದಲ್ಲಿ ನಿಂತುಬಿಟ್ಟಿದ್ದಾನೆ, ದೈತ್ಯ ಏಡಿಗಳು ತೆವಳ್ತಾ ಇವೆ. "ಅಂಥ ಸೀನೇ ಇಲ್ಲ ಕಣೋ" ಅಂತ ನಾನು ಪಟ್ಟು ಹಿಡಿದು ವಾದ ಮಾಡಿದೆ. ಅವನು ಪುಸ್ತಕ ತಂದು ತೋರಿಸಿದ. ನಾನು ಕೇಳಿದ್ದು ಸಂಕ್ಷಿಪ್ತ ಆವೃತ್ತಿ. ಅದನ್ನ ಎಲ್ಲೋ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿದ್ದರು. ಪುಸ್ತಕವಾದರೆ ದಪ್ಪ ನೋಡಿಯಾದರೂ ಅನುಮಾನ ಬರುತ್ತೆ. ಕಿವಿಗೆ ಬಿಟ್ಟುಹೋದದ್ದು ಗೊತ್ತಾಗೋದಿಲ್ಲ. ಕೇಳುವವನು ಓದುವವನ ಮೇಲೆ ಪೂರ್ತಿ ನಂಬಿಕೆ ಇಟ್ಟಿರ್ತಾನೆ. ಅಂಧ ಓದುಗರು ಪೂರ್ತಿ ಪುಸ್ತಕಕ್ಕೆ ಯಾಕೆ ಅಷ್ಟು ಪಟ್ಟು ಹಿಡಿದರು ಅಂತ ಅವತ್ತು ನನಗೆ ಅರ್ಥ ಆಯ್ತು.

ಫೈಲು, ಕಾಪಿರೈಟು, ಮರಾಕೇಶ್

ಆಮೇಲಿನ ಇತಿಹಾಸ ನಮಗೆಲ್ಲ ಪರಿಚಯದ್ದೇ, ಬೇಗ ಹೇಳಿಬಿಡ್ತೀನಿ. 1979ರಲ್ಲಿ ಸೋನಿ ವಾಕ್‌ಮನ್. 1995ರಲ್ಲಿ ಡಾನ್ ಕಾಟ್ಜ್ ಶುರು ಮಾಡಿದ ಆಡಿಬಲ್. ಎರಡು ವರ್ಷದ ನಂತರ ಅವರು ಹೊರತಂದ ಪುಟ್ಟ ಪ್ಲೇಯರ್‌ನಲ್ಲಿ ಹಿಡಿಸ್ತಿದ್ದದ್ದು ಎರಡು ಗಂಟೆಯ ಮಾತು. ಇವತ್ತು 64 ಕೆಬಿಪಿಎಸ್‌ನಲ್ಲಿ ನಮ್ಮ 400 ನಿಮಿಷದ ವೆಲ್ಸ್ 200 ಎಂಬಿಗಿಂತ ಕಡಿಮೆ. ಜಾಗದ ಲೆಕ್ಕ ಮುಗಿದ ಮೇಲೆ ಕತ್ತರಿಗೆ ನೆಪವೂ ಇಲ್ಲದಂತಾಯ್ತು.

2005ರಲ್ಲಿ ಮಾಂಟ್ರಿಯಲ್‌ನ ಹ್ಯೂ ಮೆಕ್‌ಗ್ವೈರ್ 'ಲಿಬ್ರಿವಾಕ್ಸ್' ಶುರು ಮಾಡಿದರು. ಕಾಪಿರೈಟ್ ಮುಗಿದ ಪುಸ್ತಕಗಳನ್ನ ಸ್ವಯಂಸೇವಕರು ಪೂರ್ತಿ ಓದಿ, ಎಲ್ಲರಿಗೂ ಉಚಿತವಾಗಿ ಬಿಡ್ತಾರೆ. ಮೇರಿ ಶೆಲ್ಲಿ, ವರ್ನ್, ವೆಲ್ಸ್ ಪುಕ್ಕಟೆ ಸಿಕ್ಕಿ, ಅಸಿಮೊವ್, ಕ್ಲಾರ್ಕ್ ಕಾದಂಬರಿಗಳಿಗೆ ದುಡ್ಡು ಕೊಡಬೇಕಾಗಿರೋದು ಇದೇ ಕಾರಣಕ್ಕೆ. ನಮ್ಮ ದೇಶದಲ್ಲಿ ಲೇಖಕ ತೀರಿಕೊಂಡು 60 ವರ್ಷ ಆದ ಮೇಲೆ ಕಾಪಿರೈಟ್ ಮುಗಿಯುತ್ತೆ. ವೆಲ್ಸ್ ತೀರಿಕೊಂಡಿದ್ದು 1946ರಲ್ಲಿ, ಕ್ಲಾರ್ಕ್ 2008ರಲ್ಲಿ.

ಅಂಧರು ಮಾತ್ರ ಅಷ್ಟು ಕಾಲ ಕಾಯಬೇಕಾಗಿಲ್ಲ. 2012ರಲ್ಲಿ ನಮ್ಮ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ಆಗಿ, ಅಂಗವಿಕಲ ಓದುಗರಿಗಾಗಿ ಪುಸ್ತಕವನ್ನ ಅವರಿಗೆ ಅನುಕೂಲವಾಗುವ ರೂಪಕ್ಕೆ ತರೋಕೆ ಅವಕಾಶ ಆಯ್ತು. ಮರುವರ್ಷ ಮೊರಾಕೊದ ಮರಾಕೇಶ್‌ನಲ್ಲಿ ಇದೇ ಉದ್ದೇಶದ ಅಂತರರಾಷ್ಟ್ರೀಯ ಒಪ್ಪಂದ ಆಯ್ತು. 2014ರಲ್ಲಿ ಅದನ್ನ ಜಗತ್ತಿನಲ್ಲೇ ಮೊದಲು ಅನುಮೋದಿಸಿದ ದೇಶ ಯಾವುದು ಗೊತ್ತಾ? ಭಾರತ. ಹೆಮ್ಮೆ ಪಡೋಕೆ ಇಂಥವು ಇನ್ನಷ್ಟು ಇರಬೇಕು ನಮಗೆ.

ಗೋಡೆಯಾಚೆ ಕೇಳಿಸಿಕೊಂಡವನು

ಎಲ್ಲಾ ಕೇಳಿದ ಮೇಲೆ ನನಗೊಂದು ವಿಷಯ ಹೊಳೆಯಿತು. ಹಳೇ ಸೈನ್ಸ್ ಫಿಕ್ಷನ್ ಕಿವಿಗೆ ಇಷ್ಟು ಒಗ್ಗೋಕೆ ಕಾರಣ, ಅದು ಬಹಳ ಸಲ ಬಾಯಿಮಾತಿನ ರೂಪದಲ್ಲೇ ಬರೆದದ್ದು. 'ಟೈಮ್ ಮಷೀನ್'ನಲ್ಲಿ ಪ್ರಯಾಣಿಕ ಊಟ ಮುಗಿಸಿ, ಯಾರೂ ನಡುವೆ ಬಾಯಿ ಹಾಕಬಾರದು ಅಂತ ಹೇಳಿ ಅತಿಥಿಗಳಿಗೆ ಕಥೆ ಹೇಳ್ತಾನೆ. 1818ರ 'ಫ್ರಾಂಕನ್‌ಸ್ಟೈನ್'ನಲ್ಲಿ ವಿಕ್ಟರ್ ತನ್ನ ಕಥೆಯನ್ನ ಹಡಗಿನಲ್ಲಿ ಸಿಕ್ಕವನಿಗೆ ಹೇಳ್ತಾನೆ, ಅದರೊಳಗೆ ಅವನು ಸೃಷ್ಟಿಸಿದ ಜೀವಿ ತನ್ನ ಕಥೆ ಹೇಳುತ್ತೆ.

ಆ ಜೀವಿ ಮಾತು ಕಲಿತಿದ್ದು ಹೇಗೆ? ಒಂದು ಗುಡಿಸಲಿನ ಗೋಡೆಯಾಚೆ ಅಡಗಿ ಕೂತು, ಒಳಗಿನವರು ಗಟ್ಟಿಯಾಗಿ ಓದೋದನ್ನ ಕದ್ದು ಕೇಳಿ. ಮತ್ತೆ ಆ ಮನೆಯ ಯಜಮಾನ, ಮುದುಕ ಡಿ ಲೇಸಿ, ಅಂಧ. ಇಡೀ ಕಾದಂಬರಿಯಲ್ಲಿ ಆ ಜೀವಿಯನ್ನ ಎದುರು ಕೂರಿಸಿಕೊಂಡು, ಮುಖ ನೋಡದೆ ಬರೀ ಮಾತು ಕೇಳಿ, ಮನುಷ್ಯನಂತೆ ಕಂಡವನು ಅವನೊಬ್ಬನೇ. ಕಣ್ಣಿರುವ ಮಕ್ಕಳು ಒಳಗೆ ಬಂದ ಕ್ಷಣವೇ ಹೊಡೆತ ಶುರು. ಮುಂಬ್ರಾ ಗುಡ್ಡ ದಾಟ್ತಾ ಆ ಭಾಗ ಕೇಳಿದ್ದು ಇನ್ನೂ ನೆನಪಿದೆ.

ನಾವು ಪ್ರಯಾಣಿಕರು ಈ ಗಾಡಿಗೆ ಆಮೇಲೆ ಹತ್ತಿಕೊಂಡವರು. ಹಳಿ ಹಾಕಿದವರು ಬೇರೆ. ಪೂರ್ತಿ ಪುಸ್ತಕ ಕೇಳೋ ಹಕ್ಕು, ಉದ್ದ ಓಡುವ ತಟ್ಟೆ, ಕೇಳೋದೂ ಓದೇ ಅನ್ನುವ ಮಾತು, ಎಲ್ಲಾ ಅವರು ಗಳಿಸಿದ್ದು. ಒಂದರ್ಥದಲ್ಲಿ ನಾವು ವಿದೌಟ್ ಟಿಕೆಟ್ ಪ್ರಯಾಣಿಕರು.

ಅದಕ್ಕೇ ಕಳೆದ ಮಳೆಗಾಲದಿಂದ ಭಾನುವಾರ ಒಂದು ಗಂಟೆ, ಅಂಧ ವಿದ್ಯಾರ್ಥಿಗಳಿಗಾಗಿ ಕನ್ನಡ ಪುಸ್ತಕ ಓದಿ ರೆಕಾರ್ಡ್ ಮಾಡ್ತಿದ್ದೀನಿ. ಕಪಾಟಿನ ಬಾಗಿಲು ತೆರೆದು, ಬಟ್ಟೆಗಳ ಮಧ್ಯೆ ಮೈಕ್ ಇಟ್ಟುಕೊಂಡು. ಹೊರಗಿನ ರಿಕ್ಷಾ ಸದ್ದು ಒಳಗೆ ಬರದೇ ಇರಲಿ ಅಂತ. ಇದು ಎಷ್ಟು ಕಷ್ಟ ಅಂತ ಮಾಡಿದಾಗಲೇ ಗೊತ್ತಾಗೋದು. ಮುಂಬೈಗೆ ಬಂದು ಹತ್ತು ವರ್ಷವಾದ ನಾಲಿಗೆ 'ಳ'ಕಾರ, 'ಹ'ಕಾರಕ್ಕೆಲ್ಲ ತಡವರಿಸುತ್ತೆ. ಮೊನ್ನೆ ಒಂದು ಉದ್ದದ ವರ್ಣನೆ ಬಂತು. ಮೂರು ಸಲ ತಪ್ಪಿದೆ. ಈ ಪ್ಯಾರಾ ಹಾರಿಸಿಬಿಟ್ಟರೆ ಯಾರಿಗೆ ಗೊತ್ತಾಗುತ್ತೆ ಅಂತ ಅನ್ನಿಸಿದ್ದು ಸುಳ್ಳಲ್ಲ. ಯಾರಿಗೂ ಗೊತ್ತಾಗೋದಿಲ್ಲ. ಅದೇ ಸಮಸ್ಯೆ. ನಾಲ್ಕನೇ ಸಲ ಓದಿದೆ.

ಮುಂಬೈ ಸ್ಟೇಷನ್ನುಗಳ ಪ್ಲಾಟ್‌ಫಾರ್ಮಿನಲ್ಲಿ ಒಂದು ಕಡೆ ಬೀಪ್ ಬೀಪ್ ಅಂತ ಸದ್ದು ಬರ್ತಾ ಇರುತ್ತಲ್ಲ, ಕೇಳಿದ್ದೀರಾ? ಅಂಗವಿಕಲರ ಡಬ್ಬಿ ಬಂದು ನಿಲ್ಲೋ ಜಾಗ ಇದು ಅಂತ ಅಂಧ ಪ್ರಯಾಣಿಕರಿಗೆ ತಿಳಿಸೋ ಸದ್ದು ಅದು. ವರ್ಷಗಟ್ಟಲೆ ಇಯರ್‌ಫೋನ್ ಹಾಕ್ಕೊಂಡು ಅದರ ಪಕ್ಕದಲ್ಲೇ ಓಡಾಡಿದ್ದೀನಿ, ಕೇಳಿಸಿರಲೇ ಇಲ್ಲ. ಈಗ ದಾದರ್‌ನಲ್ಲಿ ಇಳಿದ ಕೂಡಲೇ ಒಂದು ಕಿವಿಯದ್ದನ್ನ ತೆಗೀತೀನಿ.

ನೀವು ಪ್ರಯಾಣದಲ್ಲಿ ಏನು ಕೇಳ್ತೀರಿ, ತಿಳಿಸಿ. ಮುಂದಿನ ವಾರ ಮತ್ತೆ ಸಿಗೋಣ.